ಸೋರುವ ಗಡಿಯಾರ ಹೇಳಿದ ಬೆಟ್ಟದ ಕಥೆ

1841ರ ಜೂನ್ ತಿಂಗಳ ಆರಂಭ. ಸಿಂಧೂ ನದಿ ಬೆಟ್ಟಗಳ ಸೆರೆ ಬಿಡಿಸಿಕೊಂಡು ಬಯಲಿಗೆ ಇಳಿಯುವ ಅಟಕ್ ಬಳಿ ಸಿಖ್ಖರ ಸೈನ್ಯವೊಂದು ಬೀಡುಬಿಟ್ಟಿತ್ತು. ಕೆಲವು ತಿಂಗಳಿಂದ ನದಿಯಲ್ಲಿ ನೀರು ಎಂದಿಗಿಂತ ಕಡಿಮೆ. ಒಂದು ದಿನ ಇದ್ದಕ್ಕಿದ್ದಂತೆ ಕಲ್ಲು, ಮಣ್ಣು, ಮರಗಳನ್ನು ಹೊತ್ತ ಕೆಸರುನೀರಿನ ಗೋಡೆ ನುಗ್ಗಿ ಬಂದು ಬೀಡನ್ನು ಕೊಚ್ಚಿಕೊಂಡು ಹೋಯಿತು.

ಈ ಪ್ರವಾಹದ ಮೂಲ ನೂರಾರು ಕಿಲೋಮೀಟರ್ ಮೇಲೆ, ನಂಗಾ ಪರ್ವತದ ಬುಡದಲ್ಲಿತ್ತು. ಹಿಂದಿನ ಚಳಿಗಾಲದಲ್ಲಿ ಆ ಪರ್ವತದ ಒಂದು ಮಗ್ಗುಲು ಕುಸಿದು ಸಿಂಧೂ ಕಣಿವೆಗೆ ಅಡ್ಡಲಾಗಿ ಬಿದ್ದಿತ್ತು. ಅದಕ್ಕೆ ಭೂಕಂಪವೇ ಕಾರಣವೆಂದು ಹೇಳುತ್ತಾರೆ. ತಾನಾಗಿ ಕಟ್ಟಿಕೊಂಡ ಆ ಅಣೆಕಟ್ಟಿನ ಹಿಂದೆ ಗಿಲ್ಗಿಟ್ ಪಟ್ಟಣದ ಸಮೀಪದವರೆಗೂ ಸರೋವರ ಚಾಚಿತು. ಆರು ತಿಂಗಳ ಹೊತ್ತಿಗೆ ನೀರು ಕಟ್ಟೆಯ ನೆತ್ತಿ ಮೀರಿತು, ಕಟ್ಟೆ ಒಡೆಯಿತು.

ಇಂಥ ಕುಸಿತಗಳು ಆ ಬೆಟ್ಟಕ್ಕೆ ಹೊಸತಲ್ಲ. ಹಿಮನದಿಗಳು ಅದನ್ನು ಉಜ್ಜುತ್ತವೆ, ಸಿಂಧೂ ಅದರ ಬುಡವನ್ನು ಕೊರೆಯುತ್ತದೆ, ಪುಡಿಯಾದ ಬೆಟ್ಟ ಅರಬ್ಬೀ ಸಮುದ್ರದ ತಳ ಸೇರುತ್ತದೆ. ಹೀಗಿದ್ದೂ ನಂಗಾ ಪರ್ವತ ಇಂದಿಗೂ 8,126 ಮೀಟರ್ ಎತ್ತರವಾಗಿ, ಜಗತ್ತಿನ ಒಂಬತ್ತನೆಯ ಅತಿ ಎತ್ತರದ ಶಿಖರವಾಗಿ ನಿಂತಿದೆ. ಇಷ್ಟೊಂದು ಕಳೆದುಕೊಳ್ಳುವ ಬೆಟ್ಟ ಇಷ್ಟೆತ್ತರ ಉಳಿದದ್ದು ಹೇಗೆ? ಅದಕ್ಕೆ ವಯಸ್ಸೆಷ್ಟು?

ಬೆಟ್ಟದ ವಯಸ್ಸು ಕೇಳುವುದು ಸುಲಭ. ಆದರೆ ಆ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಬೆಟ್ಟದ ಕಲ್ಲು ಹುಟ್ಟಿದ್ದು ಯಾವಾಗ? ಆ ಕಲ್ಲು ನೆಲದಾಳದಿಂದ ಮೇಲಕ್ಕೆ ಬಂದದ್ದು ಯಾವಾಗ? ಬೆಟ್ಟ ಎತ್ತರವಾದದ್ದು ಯಾವಾಗ? ಹಳೆಯ ಮನೆಯೊಂದರ ವಯಸ್ಸು ಕೇಳಿದ ಹಾಗೆ ಇದು. ತೊಲೆಯ ಮರ ಮೊಳೆತ ವರ್ಷ ಬೇರೆ, ಅದನ್ನು ಕಾಡಿನಿಂದ ಕಡಿದು ತಂದ ವರ್ಷ ಬೇರೆ, ಮನೆಗೆ ಮಾಳಿಗೆ ಏರಿಸಿದ ವರ್ಷ ಬೇರೆ. ಮೊದಲ ಪ್ರಶ್ನೆಗೆ ಕಳೆದ ಶತಮಾನದ ಆರಂಭದಲ್ಲೇ ಉತ್ತರದ ದಾರಿ ತೆರೆಯಿತು. ಎರಡನೆಯದಕ್ಕೆ ಉತ್ತರ ಕೊಡುವ ವಿದ್ಯೆಗೆ ಥರ್ಮೋಕ್ರೊನಾಲಜಿ ಎಂದು ಹೆಸರು. ಕನ್ನಡದಲ್ಲಿ ಶಾಖಕಾಲಗಣನೆ ಎನ್ನಬಹುದು. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಎರಡನೆಯದರ ಉತ್ತರವನ್ನೇ ಮೂರನೆಯದಕ್ಕೂ ಕೊಟ್ಟು ವಿದ್ವಾಂಸರೂ ಎಡವಿದ್ದಾರೆ. ಆ ಎಡವಟ್ಟು ತಿದ್ದಿಕೊಂಡ ಕಥೆಯೇ ಈ ವಿದ್ಯೆಯ ಇತಿಹಾಸದ ಸ್ವಾರಸ್ಯ.

ಕೆಟ್ಟ ಗಡಿಯಾರ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ರಿಟನ್ನಿನ ಪ್ರಖ್ಯಾತ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಇಡೀ ಭೂಮಿಯ ವಯಸ್ಸನ್ನು 2ರಿಂದ 4 ಕೋಟಿ ವರ್ಷಗಳೊಳಗೆ ಕೂಡಿಹಾಕಿದ್ದರು. ಕಾದ ಗೋಳವೊಂದು ಆರಲು ಎಷ್ಟು ಕಾಲ ಬೇಕು ಎಂಬುದು ಅವರ ಲೆಕ್ಕದ ಆಧಾರ. ಅಷ್ಟರಲ್ಲಿ ವಿಕಿರಣಶೀಲತೆ ಪತ್ತೆಯಾಯಿತು. ಯುರೇನಿಯಂ ಪರಮಾಣು ತನ್ನಷ್ಟಕ್ಕೆ ಒಡೆಯುತ್ತಾ, ಹೀಲಿಯಂ ಅನಿಲವನ್ನು ಉಗುಳುತ್ತಾ, ಕೊನೆಗೆ ಸೀಸವಾಗುತ್ತದೆ. ಈ ಒಡೆಯುವಿಕೆಯ ವೇಗ ಬೆಂಕಿಗೂ ಬಗ್ಗದು, ಮಂಜಿಗೂ ಬಗ್ಗದು. ಹಾಗಾದರೆ ಕಲ್ಲಿನಲ್ಲಿ ಯುರೇನಿಯಂ ಎಷ್ಟಿದೆ, ಅದರಿಂದ ಹುಟ್ಟಿದ ಹೀಲಿಯಂ ಎಷ್ಟಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ಸಿಗಬೇಕಲ್ಲವೇ? 1904–05ರ ಹೊತ್ತಿಗೆ ಅರ್ನೆಸ್ಟ್ ರುದರ್‌ಫೋರ್ಡ್ ಈ ದಾರಿ ತೋರಿಸಿದರು. ಕಲ್ಲಿಗೆ ಪರಮಾಣುವಿನ ಗಡಿಯಾರ ಕಟ್ಟಿದ ಮೊದಲ ಪ್ರಯತ್ನ ಅದು.

ಲಂಡನ್ನಿನಲ್ಲಿ ರಾಬರ್ಟ್ ಸ್ಟ್ರಟ್ ಇದನ್ನು ಹಲವು ಖನಿಜಗಳ ಮೇಲೆ ಪ್ರಯೋಗಿಸಿ ನೋಡಿದರು. ಗಡಿಯಾರ ಹಿಂದೆ ಬೀಳುತ್ತಿತ್ತು. ಹೀಲಿಯಂ ಬಹಳ ಹಗುರವಾದ, ಯಾರೊಂದಿಗೂ ಬೆರೆಯದ ಅನಿಲ. ಹರಳಿನ ಸಂದುಗಳಿಂದ ಮೆಲ್ಲನೆ ಸೋರಿಹೋಗುತ್ತಿತ್ತು. ಸೋರಿದ್ದೆಷ್ಟು, ಉಳಿದದ್ದೆಷ್ಟು ಎಂದು ತಿಳಿಯದೆ ವಯಸ್ಸು ಹೇಳುವುದು ಹೇಗೆ? ಸ್ಟ್ರಟ್ ಅವರ ಶಿಷ್ಯ ಆರ್ಥರ್ ಹೋಮ್ಸ್ 1911ರಲ್ಲಿ ಹೀಲಿಯಂ ಬಿಟ್ಟು, ಹರಳಿನಲ್ಲೇ ಉಳಿಯುವ ಸೀಸವನ್ನು ನಂಬಿದರು. ಭೂಮಿಯ ವಯಸ್ಸು ಕೋಟಿಗಳಿಂದ ನೂರಾರು ಕೋಟಿಗಳಿಗೆ ಜಿಗಿದದ್ದು ಸೀಸದ ಗಡಿಯಾರದಿಂದ. ಹೀಲಿಯಂ ಗಡಿಯಾರ ಹಲವು ದಶಕಗಳ ಕಾಲ ಮೂಲೆ ಸೇರಿತು.

ಸೋರುವುದು ಯಾವಾಗಲೂ ದೋಷವೇನಲ್ಲ. ನಮ್ಮ ಹಿರಿಯರು ಮುಹೂರ್ತ ನೋಡಲು ಬಳಸುತ್ತಿದ್ದ ಗಳಿಗೆ ಬಟ್ಟಲನ್ನೇ ನೋಡಿ. ತಳದಲ್ಲಿ ತೂತಿದ್ದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು 24 ನಿಮಿಷ ಬೇಕು. ತೂತು ಇದ್ದುದರಿಂದಲೇ ಅದು ಗಡಿಯಾರವಾಯಿತು. ಕಲ್ಲಿನ ಸೋರಿಕೆಗೂ ಇಂಥದೊಂದು ಅರ್ಥವಿದೆ ಎಂದು ಹೊಳೆಯಲು ಆಲ್ಪ್ಸ್ ಪರ್ವತಗಳು ಬೇಕಾದವು.

ಆಲ್ಪ್ಸ್ ಕಲಿಸಿದ ಪಾಠ

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಎಮಿಲಿ ಯೇಗರ್ ಎಂಬ ವಿಜ್ಞಾನಿ ಆಲ್ಪ್ಸ್‌ನ ಬಂಡೆಗಳಿಂದ ಅಭ್ರಕವನ್ನು, ಅಂದರೆ ನಮ್ಮವರು ಕಾಗೆಬಂಗಾರ ಎನ್ನುವ ಹೊಳೆಯುವ ಪದರಗಳನ್ನು, ಬಿಡಿಸಿ ವಯಸ್ಸು ಅಳೆಯುತ್ತಿದ್ದರು. ಬಂಡೆಗಳೇನೋ ಬಹಳ ಹಳೆಯವು. ಆದರೆ ಅದೇ ಬಂಡೆಯ ಅಭ್ರಕ ಒಂದೂವರೆ, ಎರಡು ಕೋಟಿ ವರ್ಷಗಳ ವಯಸ್ಸನ್ನಷ್ಟೇ ತೋರಿಸುತ್ತಿತ್ತು. ಒಂದೇ ಬಂಡೆಯ ಎರಡು ಬಗೆಯ ಅಭ್ರಕಗಳು ಎರಡು ವಯಸ್ಸು ಹೇಳುತ್ತಿದ್ದವು.

ಇದು ಅಳತೆಯ ತಪ್ಪಲ್ಲ ಎಂದು ಯೇಗರ್ ಮತ್ತು ಅವರ ಸಂಗಡಿಗರು ಕಂಡುಕೊಂಡರು. ಅಭ್ರಕ ಹೇಳುತ್ತಿದ್ದುದು ತಾನು ಹುಟ್ಟಿದ ಕಾಲವನ್ನಲ್ಲ, ತಾನು ಆರಿದ ಕಾಲವನ್ನು. ಬಾಣಲೆಯಲ್ಲಿ ಕುದಿಯುವ ಬೆಲ್ಲದ ಪಾಕವನ್ನು ನೆನಪಿಸಿಕೊಳ್ಳಿ. ಕುದಿಯುವಾಗ ಗುಳ್ಳೆ ಏಳುತ್ತಲೇ ಒಡೆದುಹೋಗುತ್ತದೆ. ಪಾಕ ಆರಿ ಗಟ್ಟಿಯಾಗುತ್ತಿದ್ದಂತೆ ಗುಳ್ಳೆ ಅಲ್ಲೇ ಸಿಕ್ಕಿಬೀಳುತ್ತದೆ. ನೆಲದಾಳದ ಬಿಸಿಯಲ್ಲಿ ಖನಿಜದೊಳಗೆ ಹುಟ್ಟಿದ ಪರಮಾಣುಗಳು ತಪ್ಪಿಸಿಕೊಳ್ಳುತ್ತಿರುತ್ತವೆ. ಬಂಡೆ ಮೇಲೆ ಬಂದು ಒಂದು ಮಟ್ಟಕ್ಕಿಂತ ತಣ್ಣಗಾದಾಗ ಹರಳಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಂದಿನಿಂದ ಗಡಿಯಾರ ಓಡತೊಡಗುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಮಾರ್ಟಿನ್ ಡಾಡ್ಸನ್ 1973ರಲ್ಲಿ ಈ ‘ಬಾಗಿಲು ಮುಚ್ಚುವ ಉಷ್ಣತೆ’ಗೆ ಗಣಿತದ ಚೌಕಟ್ಟು ಹಾಕಿಕೊಟ್ಟರು.

ಪ್ರತಿಯೊಂದು ಖನಿಜದ ಬಾಗಿಲು ಒಂದೊಂದು ಉಷ್ಣತೆಯಲ್ಲಿ ಮುಚ್ಚುತ್ತದೆ. ಜಿರ್ಕಾನ್ ಹರಳಿನಲ್ಲಿ ಸೀಸ 900 ಡಿಗ್ರಿ ಸೆಂಟಿಗ್ರೇಡಿನಲ್ಲೂ ಬಹುಮಟ್ಟಿಗೆ ಬಂದಿಯೇ; ಆದ್ದರಿಂದ ಅದು ಕಲ್ಲು ಹುಟ್ಟಿದ ದಿನವನ್ನು ಮರೆಯುವುದಿಲ್ಲ. ಕಪ್ಪು ಅಭ್ರಕದಲ್ಲಿ ಆರ್ಗಾನ್ ಸುಮಾರು 300 ಡಿಗ್ರಿಯ ಹೊತ್ತಿಗೆ ಸಿಕ್ಕಿಬೀಳುತ್ತದೆ. ಅಪಟೈಟ್ ಎಂಬ ಖನಿಜದಲ್ಲಿ, ಅದು ನಮ್ಮ ಹಲ್ಲು ಮೂಳೆಗಳ ವಸ್ತುವಿಗೆ ಹತ್ತಿರದ ನೆಂಟ, ಹೀಲಿಯಂ ನಿಲ್ಲುವುದು 70 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ. ನೆಲದೊಳಗೆ ಇಳಿದಂತೆ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿಯಂತೆ ಬಿಸಿ ಏರುತ್ತದೆ. ಹೀಗಾಗಿ ಒಂದೇ ಕಲ್ಲಿನ ಬೇರೆ ಬೇರೆ ಖನಿಜಗಳು ಆ ಕಲ್ಲು ಹತ್ತು ಕಿಲೋಮೀಟರ್ ಆಳದಲ್ಲಿದ್ದದ್ದು ಯಾವಾಗ, ನಾಲ್ಕು ಕಿಲೋಮೀಟರ್ ಆಳಕ್ಕೆ ಬಂದದ್ದು ಯಾವಾಗ, ಎರಡಕ್ಕೆ ಬಂದದ್ದು ಯಾವಾಗ ಎಂದು ಹೇಳಬಲ್ಲವು. ದೂರದ ಊರಿನಿಂದ ಬಂದ ಕಾಗದದ ಮೇಲೆ ದಾರಿಯ ಅಂಚೆ ಕಚೇರಿಗಳ ಮುದ್ರೆ ಬಿದ್ದ ಹಾಗೆ.

ಮೂಲೆ ಸೇರಿದ್ದ ಹೀಲಿಯಂ ಗಡಿಯಾರಕ್ಕೂ ಇದರಿಂದ ಮರುಜೀವ ಬಂತು. 1987ರಲ್ಲಿ ಪೀಟರ್ ಝೈಟ್ಲರ್ ಮತ್ತು ಸಂಗಡಿಗರು ಅಪಟೈಟ್‌ನ ಹೀಲಿಯಂ ಸೋರಿಕೆಯನ್ನೇ ಉಷ್ಣತೆಯ ದಾಖಲೆಯಾಗಿ ಬಳಸಬಹುದೆಂದು ತೋರಿಸಿದರು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆನ್ ಫಾರ್ಲಿ ಮತ್ತು ಅವರ ತಂಡ ಅದನ್ನು ದಿನನಿತ್ಯದ ಉಪಕರಣವನ್ನಾಗಿ ಮಾಡಿತು. ರುದರ್‌ಫೋರ್ಡರ ಕಾಲದ ದೋಷವೇ ಗುಣವಾಯಿತು.

ಹರಳಿನೊಳಗಿನ ಗಾಯದ ಗೆರೆ

ಈ ವಿದ್ಯೆಯ ಇನ್ನೊಂದು ಕವಲನ್ನು ಕಣ್ಣಿನಿಂದಲೇ ನೋಡಬಹುದು. ಯುರೇನಿಯಂ ಪರಮಾಣು ಸಾಮಾನ್ಯವಾಗಿ ಹೀಲಿಯಂ ಉಗುಳಿ ಕರಗುತ್ತಾ ಹೋಗುತ್ತದೆ. ಸುಮಾರು 20 ಲಕ್ಷಕ್ಕೊಂದು ಪರಮಾಣು ಮಾತ್ರ ಹಾಗೆ ಮಾಡದೆ ಸಿಡಿದು ಎರಡು ಹೋಳಾಗುತ್ತದೆ. 1940ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಫ್ಲೆರೋವ್ ಮತ್ತು ಪೆತ್ರ್‌ಝಾಕ್ ಈ ಸ್ವಯಂ ವಿದಳನವನ್ನು ಪತ್ತೆ ಮಾಡಿದರು. ಸಿಡಿದ ಹೋಳುಗಳು ಹರಳನ್ನು ಸೀಳುತ್ತಾ ಎದುರುಬದುರು ದಿಕ್ಕಿಗೆ ಹಾರಿ, ಒಂದು ಮಿಲಿಮೀಟರಿನ ಅರವತ್ತನೇ ಒಂದು ಭಾಗದಷ್ಟು ಉದ್ದದ ಗಾಯವನ್ನು ಬಿಟ್ಟುಹೋಗುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿದ್ದ ಪ್ರೈಸ್, ವಾಕರ್ ಮತ್ತು ಫ್ಲೈಶರ್ 1960ರ ದಶಕದ ಆರಂಭದಲ್ಲಿ ಒಂದು ಸರಳ ಉಪಾಯ ಹೂಡಿದರು. ಹರಳನ್ನು ಆಮ್ಲದಲ್ಲಿ ಅದ್ದಿದರೆ ಗಾಯವಾದ ಕಡೆ ಬೇಗ ಕರಗುತ್ತದೆ. ಗೆರೆ ಅಗಲವಾಗಿ ಮಾಮೂಲಿ ಸೂಕ್ಷ್ಮದರ್ಶಕದಲ್ಲೇ ಕಾಣಿಸುತ್ತದೆ. ಗೆರೆಗಳನ್ನು ಎಣಿಸಿ, ಯುರೇನಿಯಂ ಎಷ್ಟಿದೆಯೆಂದು ಅಳೆದರೆ ವಯಸ್ಸು ಸಿಕ್ಕಿತು.

ಇಲ್ಲಿಯೂ ಬಿಸಿಯ ಆಟವಿದೆ. ಅಪಟೈಟ್ 110–120 ಡಿಗ್ರಿಗಿಂತ ಬಿಸಿಯಾಗಿದ್ದರೆ ಗಾಯ ಪೂರ್ತಿ ಮಾಯುತ್ತದೆ, ಗೆರೆ ಅಳಿಸಿಹೋಗುತ್ತದೆ. 60 ಡಿಗ್ರಿಗಿಂತ ತಣ್ಣಗಿದ್ದರೆ ಗೆರೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಡುವೆ ಇದ್ದರೆ ಗೆರೆ ಗಿಡ್ಡವಾಗುತ್ತದೆ. ಆದ್ದರಿಂದ ಗೆರೆಗಳ ಸಂಖ್ಯೆಯಷ್ಟೇ ಅಲ್ಲ, ಉದ್ದವೂ ಕಥೆ ಹೇಳುತ್ತದೆ. ಎಲ್ಲವೂ ಉದ್ದವಾಗಿದ್ದರೆ ಕಲ್ಲು ಸರಸರನೆ ಆರಿದೆ. ಗಿಡ್ಡ, ಉದ್ದ ಬೆರೆತಿದ್ದರೆ ಬೆಚ್ಚಗಿನ ಆಳದಲ್ಲಿ ಬಹಳ ಕಾಲ ತಂಗಿ ಬಂದಿದೆ. ಕಲ್ಲೆಣ್ಣೆ ಪಕ್ವವಾಗುವುದೂ ಹೆಚ್ಚುಕಡಿಮೆ ಇದೇ ಬಿಸಿಯಲ್ಲಿ ಆದ್ದರಿಂದ ತೈಲ ಕಂಪನಿಗಳೂ ಈ ಗೆರೆಗಳ ಬೆನ್ನು ಹತ್ತಿದವು. ನಮ್ಮ ದೇಶದಲ್ಲಿ ಹರಿಯಾಣದ ಕುರುಕ್ಷೇತ್ರ ವಿಶ್ವವಿದ್ಯಾಲಯದವರು 1970ರ ದಶಕದಿಂದಲೇ ಈ ಕೆಲಸದಲ್ಲಿ ಹೆಸರು ಮಾಡಿದರು.

1972ರಲ್ಲಿ ಜರ್ಮನಿಯ ವಾಗ್ನರ್ ಮತ್ತು ರೈಮರ್ ಆಲ್ಪ್ಸ್‌ನ ಕಣಿವೆಯಿಂದ ಶಿಖರದವರೆಗಿನ ಕಲ್ಲುಗಳಲ್ಲಿ ಈ ಗೆರೆಗಳನ್ನು ಓದಿದಾಗ ಒಂದು ಸೊಗಸಾದ ಕ್ರಮ ಕಾಣಿಸಿತು. ಎತ್ತರದಲ್ಲಿದ್ದ ಕಲ್ಲಿನ ವಯಸ್ಸು ಹೆಚ್ಚು, ಕಣಿವೆಯ ಕಲ್ಲಿನದು ಕಡಿಮೆ. ಊರಬಾಗಿಲು ದಾಟುವ ಮೆರವಣಿಗೆಯಲ್ಲಿ ಮುಂದಿದ್ದವರು ಮೊದಲು ದಾಟುತ್ತಾರೆ, ಹಿಂದಿದ್ದವರು ಆಮೇಲೆ. ಹಾಗೆಯೇ ಮೇಲಿನ ಕಲ್ಲು 110 ಡಿಗ್ರಿಯ ಬಾಗಿಲನ್ನು ಮೊದಲು ದಾಟಿದೆ. ಎರಡು ಕಲ್ಲುಗಳ ಎತ್ತರದ ವ್ಯತ್ಯಾಸವನ್ನು ವಯಸ್ಸಿನ ವ್ಯತ್ಯಾಸದಿಂದ ಭಾಗಿಸಿದರೆ ಮೆರವಣಿಗೆಯ ವೇಗ ಸಿಗುತ್ತದೆ. ಆಲ್ಪ್ಸ್‌ನಲ್ಲಿ ಅದು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಎಂಬ ಲೆಕ್ಕಗಳು ಬಂದವು.

ಬತ್ತಲೆ ಬೆಟ್ಟದ ಮೂರು ವಯಸ್ಸು

ಈಗ ನಂಗಾ ಪರ್ವತಕ್ಕೆ ಮರಳೋಣ. ಹೆಸರಿನ ಅರ್ಥ ಬತ್ತಲೆ ಬೆಟ್ಟ. ಅದರ ಕಡಿದಾದ ಮೈಮೇಲೆ ಹಿಮವೂ ನಿಲ್ಲದು. ಪಾಕಿಸ್ತಾನದ ವಶದಲ್ಲಿರುವ ಗಿಲ್ಗಿಟ್–ಬಾಲ್ಟಿಸ್ತಾನದಲ್ಲಿ, ಹಿಮಾಲಯದ ಪಶ್ಚಿಮದ ತುದಿಯಲ್ಲಿ ಅದಿದೆ. ಬುಡದಲ್ಲಿ ಸಿಂಧೂ ಹರಿಯುವುದು ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ. ಅಲ್ಲಿಂದ ಇಪ್ಪತ್ತೈದು ಕಿಲೋಮೀಟರಿನೊಳಗೆ ನೆಲ ಸುಮಾರು 7,000 ಮೀಟರ್ ಮೇಲೇರುತ್ತದೆ. ಸುತ್ತಲಿನ ಬಂಡೆಗಳು ಪುರಾತನ ಸಾಗರವೊಂದರ ಜ್ವಾಲಾಮುಖಿ ದ್ವೀಪಗಳಿಂದ ಬಂದವು. ಅವುಗಳ ಅಡಿಯಲ್ಲಿ ಹೂತಿದ್ದ ಭಾರತ ಭೂಖಂಡದ ಹಳೆಯ ಬಂಡೆ, ಹೊದಿಕೆ ಹರಿದು ಹೆಬ್ಬೆರಳು ಹೊರಬಂದ ಹಾಗೆ ಇಲ್ಲಿ ತಲೆಯೆತ್ತಿದೆ.

1980ರ ದಶಕದಲ್ಲಿ ಇದೇ ಝೈಟ್ಲರ್ ಪಾಕಿಸ್ತಾನದ ಹಾಗೂ ಅಮೆರಿಕದ ಸಹೋದ್ಯೋಗಿಗಳೊಂದಿಗೆ ಇಲ್ಲಿನ ಕಲ್ಲುಗಳನ್ನು ಪರೀಕ್ಷಿಸಿದರು. ಜಿರ್ಕಾನ್ ಹರಳಿನ ಸೀಸ ಹೇಳಿದ್ದು: ಈ ನೈಸ್ ಶಿಲೆಯ ಮೂಲ ಸುಮಾರು 185 ಕೋಟಿ ವರ್ಷ ಹಿಂದಿನದು. ಅದೇ ಪರ್ವತದ ಕಲ್ಲುಗಳ ಅಪಟೈಟ್ ಗೆರೆಗಳು ಹೇಳಿದ್ದು: ನಾವು ಆರಿ ಇನ್ನೂ ಹತ್ತು ಲಕ್ಷ ವರ್ಷವೂ ಆಗಿಲ್ಲ! ಅಷ್ಟೇ ಅಲ್ಲ, ಆಳದಲ್ಲಿ ಕರಗಿ ಗ್ರಾನೈಟ್ ಆಗಿ ಹೆಪ್ಪುಗಟ್ಟಿ ಕೇವಲ ಹತ್ತು ಲಕ್ಷ ವರ್ಷವಾದ ಶಿಲೆ ಈಗಾಗಲೇ ಅಲ್ಲಿ ಬಯಲಿಗೆ ಬಂದು ಬಿಸಿಲು ಕಾಯುತ್ತಿದೆ. ಹತ್ತು ಲಕ್ಷ ವರ್ಷ ನಮಗೆ ಅಪಾರವೆನಿಸಬಹುದು. ಭೂಮಿಯ ಲೆಕ್ಕದಲ್ಲಿ ಅದು ಒಲೆಯಿಂದ ಇಳಿಸಿದ ಪಾತ್ರೆ. ಮೇಲಿದ್ದ ಕಿಲೋಮೀಟರುಗಟ್ಟಲೆ ಬಂಡೆ ಸವೆದುಹೋಗದೆ ಆ ಗ್ರಾನೈಟ್ ಹೊರಗೆ ಕಾಣಿಸಲು ಸಾಧ್ಯವೇ ಇಲ್ಲ. ವರ್ಷಕ್ಕೆ 5 ಮಿಲಿಮೀಟರಿನ ಆಸುಪಾಸಿನ ವೇಗದಲ್ಲಿ, ಅಂದರೆ ಹತ್ತು ಲಕ್ಷ ವರ್ಷಕ್ಕೆ ಐದು ಕಿಲೋಮೀಟರಿನಂತೆ, ಬಂಡೆ ಮೇಲೇರುತ್ತಿದೆ, ಸವೆಯುತ್ತಿದೆ.

ಇಷ್ಟು ವೇಗವಾಗಿ ಬರುವ ಬಂಡೆ ಆಳದ ಬಿಸಿಯನ್ನೂ ಹೊತ್ತು ತರುತ್ತದೆ. ಕಿಲೋಮೀಟರಿಗೆ 25–30 ಡಿಗ್ರಿ ಎಂಬ ಸಾಮಾನ್ಯ ಲೆಕ್ಕ ಇಲ್ಲಿ ನಡೆಯದು. ಸ್ವಲ್ಪ ಆಳದಲ್ಲೇ ವಿಪರೀತ ಬಿಸಿ. ಕಾರಕೋರಂ ಹೆದ್ದಾರಿಯ ಪಕ್ಕದಲ್ಲಿ ‘ತತ್ತಾ ಪಾನಿ’ ಎಂಬ ಜಾಗದ ಬಿಸಿನೀರಿನ ಬುಗ್ಗೆಗಳು ಇದಕ್ಕೆ ಸಾಕ್ಷಿ. ಹಿಮನದಿಗಳ ಬುಡದಲ್ಲಿ ಕುದಿವ ನೀರು! ಇದನ್ನು ಗಮನಿಸದೆ ಬರಿಯ ವಯಸ್ಸಿನಿಂದ ವೇಗ ಲೆಕ್ಕ ಹಾಕಿದರೆ ಉತ್ತರ ಅತಿಯಾಗಿ ಬರುತ್ತದೆ.

ದೋಣಿ ಮತ್ತು ಮೂಟೆಗಳು

ಹಾಗಾದರೆ ನಂಗಾ ಪರ್ವತ ಹತ್ತು ಲಕ್ಷ ವರ್ಷಗಳಲ್ಲಿ ಐದು ಕಿಲೋಮೀಟರ್ ಎತ್ತರವಾಯಿತು ಎಂದು ಹೇಳಬಹುದೇ? ಹೇಳಬಾರದು. ಆದರೆ ಬಹಳ ಕಾಲ ಹಾಗೆಯೇ ಹೇಳುತ್ತಿದ್ದರು. ಕಲ್ಲು ತಣ್ಣಗಾದ ಕಾಲವನ್ನು ‘ಪರ್ವತ ಎದ್ದ ಕಾಲ’ ಎಂದು ಬರೆಯುವುದು ರೂಢಿಯಾಗಿತ್ತು. 1990ರಲ್ಲಿ ಫಿಲಿಪ್ ಇಂಗ್ಲೆಂಡ್ ಮತ್ತು ಪೀಟರ್ ಮೋಲ್ನಾರ್ ಇದನ್ನು ಖಂಡಿಸಿದರು. ಅವರ ಮಾತು ಸರಳ. ಬಂಡೆಯ ಏರಿಕೆ ಒಂದು, ನೆಲದ ಏರಿಕೆ ಇನ್ನೊಂದು. ಬಂಡೆ ಐದು ಕಿಲೋಮೀಟರ್ ಮೇಲೆ ಬಂದು, ಅಷ್ಟೂ ಸವೆದುಹೋದರೆ ನೆಲದ ಎತ್ತರ ಒಂದಿಷ್ಟೂ ಬದಲಾಗದು. ಬಂಡೆಯ ಏರಿಕೆಯಿಂದ ಸವೆತವನ್ನು ಕಳೆದರೆ ಉಳಿಯುವುದೇ ನೆಲದ ಏರಿಕೆ. ಶಾಖದ ಗಡಿಯಾರ ಅಳೆಯುವುದು ಸವೆತವನ್ನು, ಅಂದರೆ ಕಲ್ಲು ನೆಲದ ಮೇಲ್ಮೈಗೆ ಎಷ್ಟು ಹತ್ತಿರ ಬಂತು ಎಂಬುದನ್ನು. ಸಮುದ್ರಮಟ್ಟದಿಂದ ಎಷ್ಟೆತ್ತರ ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಸವೆತವೇ ಬಂಡೆಯನ್ನು ಮೇಲೆತ್ತಬಲ್ಲದು ಎಂಬುದು ಈ ಗೊಂದಲವನ್ನು ಇನ್ನೂ ಬಿಗಿಗೊಳಿಸುತ್ತದೆ. ಇದರ ಸುಳಿವು ಸಿಕ್ಕಿದ್ದು ಭಾರತದ ಭೂಮಾಪನದಿಂದಲೇ. ಮಹಾ ತ್ರಿಕೋನಮಿತಿ ಸರ್ವೆಯವರು ಹಿಮಾಲಯಕ್ಕೆ ಹತ್ತಿರದ ಕಲಿಯಾನಾ ಮತ್ತು ದಕ್ಷಿಣದ ಕಲ್ಯಾಣ್‌ಪುರ ಎಂಬ ಎರಡು ಠಾಣೆಗಳ ದೂರವನ್ನು ನೆಲದ ಮೇಲೆ ಅಳೆದಾಗಲೂ, ನಕ್ಷತ್ರ ನೋಡಿ ಅಳೆದಾಗಲೂ 5.236 ಸೆಕೆಂಡು ಕೋನದ ವ್ಯತ್ಯಾಸ ಬಂತು. ಹಿಮಾಲಯದ ರಾಶಿ ತೂಗುಗುಂಡನ್ನು ತನ್ನತ್ತ ಸೆಳೆಯುತ್ತಿರಬೇಕೆಂದು ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಪ್ರ್ಯಾಟ್ ಊಹಿಸಿದರು. ಲೆಕ್ಕ ಹಾಕಿದರೆ ಸೆಳೆತ ಅದರ ಮೂರರಷ್ಟು ಇರಬೇಕಾಗಿತ್ತು! 1855ರಲ್ಲಿ ಜಾರ್ಜ್ ಏರಿ ಉತ್ತರ ಕೊಟ್ಟರು: ಬೆಟ್ಟಕ್ಕೆ ಕೆಳಗೆ ಹಗುರವಾದ ಬೇರಿದೆ; ಅದು ಭಾರವಾದ ಆಳದ ಶಿಲೆಯಲ್ಲಿ ತೇಲುತ್ತಿದೆ.

ತೇಲುವ ವಸ್ತುವಿನ ಹೊರೆ ಇಳಿಸಿದರೆ ಅದು ಏಳುತ್ತದೆ. ಮೂಟೆ ಹೇರಿದ ದೋಣಿಯಿಂದ ಮೂಟೆಗಳನ್ನು ಇಳಿಸುತ್ತಾ ಹೋದರೆ ದೋಣಿಯ ತಳ ಮೇಲೆ ಬರುತ್ತದೆ, ಮೂಟೆ ರಾಶಿಯ ನೆತ್ತಿ ಮಾತ್ರ ಕೆಳಗಿಳಿಯುತ್ತದೆ. ಬೆಟ್ಟವೂ ಹಾಗೆಯೇ. ಸ್ಥೂಲವಾಗಿ ಆರು ಮೀಟರ್ ಸವೆದರೆ ಐದು ಮೀಟರ್ ಮೇಲೆದ್ದು ಬರುತ್ತದೆ. ಸರಾಸರಿ ಎತ್ತರ ಕಡಿಮೆಯಾಗುವುದು ಒಂದೇ ಮೀಟರ್. ಸವೆತ ಕಣಿವೆಗಳಲ್ಲಷ್ಟೇ ನಡೆದರೆ ಇನ್ನೂ ವಿಚಿತ್ರ: ಬೆಟ್ಟಸಾಲಿನ ಸರಾಸರಿ ಎತ್ತರ ಇಳಿಯುತ್ತದೆ, ಆದರೆ ಸವೆಯದೆ ಉಳಿದ ಶಿಖರಗಳು ಏರುತ್ತವೆ.

ಇದು ಬರಿಯ ಮಾತಿನ ಜಗಳವಲ್ಲ. ಇಡೀ ಭೂಮಿಯ ಹವೆಯ ಪ್ರಶ್ನೆ ಇದರೊಳಗಿದೆ. ಕಳೆದ ಕೆಲವು ಕೋಟಿ ವರ್ಷಗಳಲ್ಲಿ ಭೂಮಿ ತಣ್ಣಗಾಗುತ್ತಾ ಬಂದು, ಸುಮಾರು 26 ಲಕ್ಷ ವರ್ಷಗಳ ಹಿಂದೆ ಹಿಮಯುಗಗಳ ಕಾಲ ಆರಂಭವಾಯಿತು. ಮೊರೀನ್ ರೇಮೋ ಮತ್ತು ವಿಲಿಯಂ ರಡ್ಡಿಮನ್ ಮುಂತಾದವರು ಹಿಮಾಲಯ–ಟಿಬೆಟ್ ಎದ್ದದ್ದೇ ಇದಕ್ಕೆ ಕಾರಣ ಎಂದರು. ಹೊಸ ಬಂಡೆ ಮಳೆಗೆ ಸಿಕ್ಕಿ ಕರಗುವಾಗ ಗಾಳಿಯಿಂದ ಇಂಗಾಲದ ಡೈ ಆಕ್ಸೈಡನ್ನು ಹೀರುತ್ತದೆ. ಹೊದಿಕೆ ತೆಳುವಾದ ಭೂಮಿ ತಣ್ಣಗಾಗುತ್ತದೆ. ಮೋಲ್ನಾರ್ ಮತ್ತು ಇಂಗ್ಲೆಂಡ್ ಈ ವಾದವನ್ನು ತಲೆಕೆಳಗು ಮಾಡಿ ನೋಡಿ ಎಂದರು. ಭೂಮಿ ತಣ್ಣಗಾದದ್ದರಿಂದ ಹಿಮನದಿಗಳು ಬೆಳೆದವು, ಸವೆತ ಹೆಚ್ಚಿತು, ಬಂಡೆಗಳು ಬೇಗ ಮೇಲೆ ಬಂದವು. ಅದನ್ನೇ ನಾವು ಪರ್ವತಗಳು ಹೊಸದಾಗಿ ಎದ್ದವೆಂದು ಓದುತ್ತಿದ್ದೇವೆ. ಬೀಜ ಮೊದಲೋ ಮರ ಮೊದಲೋ?

ಜಗಳ ಇನ್ನೂ ಮುಗಿದಿಲ್ಲ. 2013ರಲ್ಲಿ ಫ್ರೆಡೆರಿಕ್ ಹರ್ಮನ್ ಮತ್ತು ಸಂಗಡಿಗರು ಜಗತ್ತಿನ ಎಲ್ಲೆಡೆಯಿಂದ ಸುಮಾರು 18,000 ಶಾಖ-ವಯಸ್ಸುಗಳನ್ನು ಒಟ್ಟುಗೂಡಿಸಿ, ಹವೆ ತಣ್ಣಗಾದಂತೆ ಪರ್ವತಗಳ ಸವೆತ ಹೆಚ್ಚಿದೆ ಎಂದರು. 2018ರಲ್ಲಿ ಟೇಲರ್ ಶಿಲ್ಡ್‌ಗೆನ್ ಮತ್ತಿತರರು ಅವೇ ಅಂಕಿಗಳನ್ನು ಪರಿಶೀಲಿಸಿ, ಬೇಗ ಸವೆದ ಜಾಗ, ನಿಧಾನ ಸವೆದ ಜಾಗಗಳ ಕಲ್ಲುಗಳನ್ನು ಒಟ್ಟಿಗೆ ಬೆರೆಸಿದ್ದರಿಂದ ಹಾಗೆ ಕಾಣುತ್ತದೆ ಎಂದು ಆಕ್ಷೇಪಿಸಿದರು.

ನಂಗಾ ಪರ್ವತದಲ್ಲೂ ಇದೇ ಪ್ರಶ್ನೆ. 2001ರಲ್ಲಿ ಝೈಟ್ಲರ್ ಮತ್ತು ಸಂಗಡಿಗರು ಹೀಗೆ ವಾದಿಸಿದರು: ಸಿಂಧೂ ಒಂದೇ ಕಡೆ ಆಳವಾಗಿ ಕೊರೆದದ್ದರಿಂದ ಅಲ್ಲಿನ ನೆಲ ತೆಳುವಾಯಿತು, ಕೆಳಗಿನ ಬಿಸಿ, ಮೆದು ಬಂಡೆ ಅತ್ತಲೇ ನುಗ್ಗಿತು. ರಕ್ತನಾಳದ ಗೋಡೆ ತೆಳುವಾದಲ್ಲಿ ಉಬ್ಬು ಏಳುವ ಹಾಗೆ. ಹಿಮಾಲಯದ ಪೂರ್ವದ ತುದಿಯಲ್ಲಿ, ಬ್ರಹ್ಮಪುತ್ರದ ಮೇಲಿನ ಹೊಳೆಯಾದ ತ್ಸಾಂಗ್ಪೋ ತಿರುವಿನಲ್ಲಿರುವ ನಾಮ್ಚೆ ಬರ್ವಾ ಪರ್ವತಕ್ಕೂ ಇದೇ ವಿವರಣೆ ಕೊಟ್ಟರು. ಆದರೆ 2014ರಲ್ಲಿ ಅಲ್ಲಿನ ಕಂದರದ ಮೇಲ್ಭಾಗದಲ್ಲಿ ಬಾವಿ ಕೊರೆದಾಗ ಮರಳು ಕಲ್ಲುಗಳ ಅಡಿಯಲ್ಲಿ ಹೂತುಹೋದ ಹಳೆಯ ಆಳ ಕಣಿವೆ ಪತ್ತೆಯಾಯಿತು. 20–25 ಲಕ್ಷ ವರ್ಷ ಹಿಂದೆ ಮುಂದಿನ ನೆಲವೇ ಮೊದಲು ಎದ್ದು ನದಿಗೆ ಅಡ್ಡಗಟ್ಟಿತ್ತು ಎಂಬುದಕ್ಕೆ ಅದು ಸಾಕ್ಷಿ. ಅಲ್ಲಿ ನದಿ ಬೆಟ್ಟವನ್ನು ಎಬ್ಬಿಸಿದ್ದಕ್ಕಿಂತ ಬೆಟ್ಟ ನದಿಯನ್ನು ಕೆರಳಿಸಿದ್ದು ಮೊದಲು ಎಂದು ತೋರುತ್ತದೆ.

ನಮ್ಮ ಸಹ್ಯಾದ್ರಿ

ನೀರಿಗೆ ಬೆಟ್ಟ ಎಬ್ಬಿಸುವ ಶಕ್ತಿ ಒಂದೇ ಇದ್ದಿದ್ದರೆ ಆಗುಂಬೆಯ ಮಳೆಗೆ ಸಹ್ಯಾದ್ರಿ ಎಂದೋ ಮುಗಿಲು ಮುಟ್ಟಬೇಕಾಗಿತ್ತು. ನಮ್ಮ ಘಟ್ಟಗಳ ಕಲ್ಲುಗಳಲ್ಲೂ ವಿದಳನದ ಗೆರೆಗಳನ್ನು 1990ರ ದಶಕದಿಂದ ಓದಲಾಗಿದೆ. ಅವು ಹೇಳುವುದು ಬೇರೆಯೇ ಕಥೆ. ಘಟ್ಟದ ಮೇಲಿನ ಪ್ರಸ್ಥಭೂಮಿಯ ಕಲ್ಲು ತಣ್ಣಗಾಗಿ ಹತ್ತಾರು ಕೋಟಿ ವರ್ಷಗಳೇ ಆಗಿವೆ. ಅಂದಿನಿಂದ ಅದು ಹೆಚ್ಚೇನೂ ಕಳೆದುಕೊಂಡಿಲ್ಲ. ಕರಾವಳಿಯ ಕಡೆಯ ಕಲ್ಲುಗಳ ವಯಸ್ಸು ಅದಕ್ಕಿಂತ ಕಡಿಮೆ. ಅಲ್ಲಿ ಸವೆದದ್ದು ಹೆಚ್ಚು. ಸುಮಾರು 9 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟಾಗ ಉಕ್ಕಿದ ಲಾವಾ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಕಂಬಕಂಬವಾಗಿ ನಿಂತಿದೆ. ಒಡೆದುಹೋದ ಭೂಖಂಡದ ಅಂಚು ಸವೆದು ಉಳಿದ ಗೋಡೆಯೇ ಘಟ್ಟ.

ಆ ಗೋಡೆಯ ಪ್ರಾಯಕ್ಕೆ ಇನ್ನೊಂದು ಗಡಿಯಾರವೂ ಸಾಕ್ಷಿ ಹೇಳಿದೆ. ಸಂಡೂರು ಮುಂತಾದೆಡೆಯ ಮ್ಯಾಂಗನೀಸ್ ಅದಿರಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದು ಆರ್ಗಾನ್ ಆಗುವ ಲೆಕ್ಕದಿಂದ ನೆಲ ಮಳೆಗೆ ಕೊಳೆತು ಅದಿರಾದ ಕಾಲ ತಿಳಿಯುತ್ತದೆ. ಘಟ್ಟದ ಕೆಳಗಿನ ತಗ್ಗುನೆಲದಲ್ಲಿಯೂ ಸುಮಾರು ನಾಲ್ಕೂವರೆ ಕೋಟಿ ವರ್ಷ ಹಳೆಯ ಇಂಥ ಅದಿರು ಸಿಕ್ಕಿದೆ. ತಗ್ಗು ಅಷ್ಟು ಹಳೆಯದಾದರೆ ಅದರ ಹಿಂದಿನ ಗೋಡೆಯೂ ಅಷ್ಟು ಹಳೆಯದೇ. ಸಹ್ಯಾದ್ರಿಯ ಮೈ ಇಂದು ಹತ್ತು ಲಕ್ಷ ವರ್ಷಕ್ಕೆ ಹತ್ತಾರು ಮೀಟರಿನಂತೆ ಸವೆಯುತ್ತಿದೆ. ನಂಗಾ ಪರ್ವತ ಅದೇ ಅವಧಿಯಲ್ಲಿ ಸಾವಿರಾರು ಮೀಟರ್ ಕಳೆದುಕೊಂಡಿತು. ವ್ಯತ್ಯಾಸ ಮಳೆಯದಲ್ಲ, ಕೆಳಗಿನ ಒತ್ತಡದ್ದು. ಹಿಮಾಲಯದಲ್ಲಿ ಎರಡು ಭೂಖಂಡಗಳು ಇನ್ನೂ ಒತ್ತುತ್ತಿವೆ. ಒತ್ತಡ ಬಂಡೆಯನ್ನು ಪೂರೈಸುತ್ತದೆ, ನದಿ ಅದನ್ನು ಸಾಗಿಸುತ್ತದೆ. ಸಹ್ಯಾದ್ರಿಯಲ್ಲಿ ಸಾಗಿಸುವವರಿದ್ದಾರೆ, ಹೊಸದಾಗಿ ಪೂರೈಸುವವರು ಯಾರೂ ಇಲ್ಲ. ಹಿಮಾಲಯ ದಿನವೂ ವ್ಯಾಪಾರ ನಡೆಯುವ ಅಂಗಡಿಯಂತೆ, ಸಹ್ಯಾದ್ರಿ ಹಿರಿಯರು ಬಿಟ್ಟುಹೋದ ಆಸ್ತಿಯಂತೆ. ಘಟ್ಟದ ಇಳಿಜಾರಿನಲ್ಲಿ ಒಮ್ಮೆ ಕಳೆದ ಮಣ್ಣನ್ನು ತುಂಬಿಕೊಡಲು ಕೆಳಗಿನಿಂದ ಯಾವ ಬಂಡೆಯೂ ಧಾವಿಸಿ ಬರುವುದಿಲ್ಲ ಎಂಬುದನ್ನು ಗುಡ್ಡ ಅಗೆಯುವವರು ಮರೆಯಬಾರದು.

ಮುಂದೆ ಎಲ್ಲಾದರೂ ‘ಇಂಥ ಪರ್ವತ ಇಷ್ಟು ಲಕ್ಷ ವರ್ಷ ಹಿಂದೆ ಎದ್ದಿತು’ ಎಂದು ಓದಿದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಎದ್ದದ್ದು ಕಲ್ಲೋ, ನೆಲವೋ? ಕಲ್ಲು ತಾನು ಆರಿದ ಗಳಿಗೆಯನ್ನು ಪ್ರಾಮಾಣಿಕವಾಗಿ ಹೇಳುತ್ತದೆ. ಬೆಟ್ಟದ ಎತ್ತರವನ್ನು ಅದರ ಬಾಯಿಂದ ಹೇಳಿಸಲು ಹೊರಟರೆ ತಪ್ಪು ಕಲ್ಲಿನದಲ್ಲ, ನಮ್ಮದು.